ಅಪ್ಪಯ್ಯ ಮನೇಲಿಲ್ಲ

ಇವತ್ತಿಗೂ ಕೈಗೆ ಬಂದ ಲಕೋಟೆಯನ್ನು ಒಡೆದು ಓದದೆ ನಾನು ಚಪ್ಪಲಿ ಬಿಡುವುದಿಲ್ಲ. ಕರೆಂಟ್ ಬಿಲ್ಲಾಗಲಿ, ಮದುವೆ ಕಾಗದವಾಗಲಿ, ಗೇಟಿನ ಹತ್ತಿರ ನಿಂತೇ ಹರಿದು, ಮೊದಲ ಸಾಲಿನಿಂದ ಕೊನೆಯ ಸಹಿಯವರೆಗೆ ಓದಿ, ಆಮೇಲೆ ಒಳಗೆ. ನನ್ನ ಗಂಡ ನಗುತ್ತಾರೆ. ನಗಲಿ. ಅವರು ಬೆಳೆದ ಮನೆಯ ಬಾಗಿಲಿಗೆ ಯಾರೂ ಅಂಟು ಹಚ್ಚಿ ಕಾಗದ ಮೆತ್ತಿ ಹೋಗಿಲ್ಲ. ಏರಿನಲ್ಲಿ ಜೀಪು ಗೇರ್ ಬದಲಿಸಿದ ಸದ್ದು ಕೇಳಿದರೆ ಕೂತಲ್ಲಿಂದ ಏಳುವ ಚಾಳಿಯೂ ನನಗೆ ಆ ಮನೆಯಿಂದಲೇ ಬಂದದ್ದು. ಊಟದ ನಡುವೆ ಎದ್ದು ಕಿಟಕಿಗೆ ಹೋಗಿ ಬರುತ್ತೇನೆ. "ಅಮ್ಮಾ, ಕೂತ್ಕೊಂಡು ತಿನ್ನು" ಎಂದು ನನ್ನ ಮಗಳೇ ನನಗೆ ಗದರಿಸುತ್ತಾಳೆ. ಆ ಕಾಗದ ಮೆತ್ತಿದಾಗ ನನಗಿದ್ದ ವಯಸ್ಸು ಮುಟ್ಟಲು ಅವಳಿಗೆ ಇನ್ನೆರಡು ವರ್ಷ ಬೇಕು.

ನಮ್ಮ ಮನೆ ಬಾಳೂರು ದಾಟಿ ಕಳಸದ ಕಡೆ ಹೋಗುವ ರಸ್ತೆಯಲ್ಲಿ, ಒಂದು ಏರು ತಿರುವಿನ ಮೇಲಿತ್ತು. ಮುಂದಿನರ್ಧ ಬಂಗಲೆ, ಹಿಂದಿನರ್ಧ ಹಳೆಯ ಹೆಂಚಿನ ಮನೆ. ಅಪ್ಪಯ್ಯ ಬ್ಯಾಂಕಿನಲ್ಲಿ ಜಾಗ ಅಡವಿಟ್ಟು ಸಾಲ ತಂದು, ಮುಂದಿನ ಭಾಗ ಕೆಡವಿಸಿ, ತಾರಸಿ ಹಾಕಿಸಿ, ಎರಡು ದುಂಡು ಕಂಬದ ಪೋರ್ಟಿಕೋ ಕಟ್ಟಿಸಿದ್ದರು. ದುಡ್ಡು ಅಡುಗೆಮನೆ ಮುಟ್ಟುವ ಮೊದಲೇ ಮುಗಿದಿತ್ತು. ಹಾಗಾಗಿ ಮುಂದೆ ನಾಲ್ಕು ಬೆತ್ತದ ಕುರ್ಚಿ, ಹಿಂದೆ ಅದೇ ಮಸಿ ಹಿಡಿದ ಮಾಡು, ಅದೇ ಹೊಗೆ. ಸುತ್ತ ಮೂರು ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಹಿತ್ತಲಲ್ಲಿ ಅಪ್ಪಯ್ಯನ ಹಳೆಯ ಜೀಪು. ಅಷ್ಟೇ ನಮ್ಮ ಆಸ್ತಿ. ಆದರೆ ಗೇಟಿನ ಮೇಲೆ ಹಸಿರು ತಗಡಿನ ಬೋರ್ಡು, ಬಿಳಿ ಅಕ್ಷರದಲ್ಲಿ 'ಸುಮತಿ ಎಸ್ಟೇಟ್'. ಸುಮತಿ ಅಂದರೆ ನಾನು. ಕಳಸದ ಬಸ್ಸಿನ ಕಂಡಕ್ಟರ್ "ಸುಮತಿ ಎಸ್ಟೇಟ್ ಇಳೀರಿ" ಎಂದು ಕೂಗುವಾಗ ಇಳಿಯಲು ಇರುತ್ತಿದ್ದವಳು ನಾನೊಬ್ಬಳೇ. ಬೆನ್ನು ನೆಟ್ಟಗೆ ಮಾಡಿಕೊಂಡು ಇಳಿಯುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಬೋರ್ಡು ನನಗೂ ಬೇಕಾಗಿತ್ತು. ಅಜ್ಜಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಮೂರು ಎಕರೆಗೆ ಎಸ್ಟೇಟಂತೆ."

ಅಪ್ಪಯ್ಯನ ಜುಟ್ಟಿನ ಮಲ್ಲಿಗೆಗೂ ಒಂದು ಕತೆಯಿತ್ತು. ನಮ್ಮ ಅಜ್ಜ ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ ಬರೆಯುವುದು, ಚೀಲ ಎಣಿಸುವುದು ಅವರ ಕೆಲಸ. ಧಣಿಗಳ ಪೋರ್ಟಿಕೋದಲ್ಲಿ ಆಯಸ್ಸಿನ ಮುಕ್ಕಾಲು ಭಾಗ ನಿಂತೇ ಕಳೆದರು. ಕುರ್ಚಿಗಳಿದ್ದವು, ಕೂರಿ ಎಂದವರಿಲ್ಲ. ಅಪ್ಪಯ್ಯ ಚಿಕ್ಕಂದಿನಲ್ಲಿ ಅಜ್ಜನ ಪಂಚೆ ಹಿಡಿದು ಅಲ್ಲೇ ನಿಂತಿದ್ದರಂತೆ. ನಮ್ಮ ಕಡೆ ಪ್ಲಾಂಟರು ಅಂದರೆ ಒಂದು ತೂಕ, ರೈತ ಅಂದರೆ ಇನ್ನೊಂದು ತೂಕ. ಬ್ಯಾಂಕಿನಲ್ಲಾಗಲಿ ಮದುವೆ ಮನೆಯಲ್ಲಾಗಲಿ ಮೊದಲನೆಯವರಿಗೆ ಕುರ್ಚಿ ತಾನಾಗಿ ಬರುತ್ತದೆ. ಅಪ್ಪಯ್ಯ ಆ ಕುರ್ಚಿಗೋಸ್ಕರ ಮನೆ ಕಟ್ಟಿದರು. ಆಗ ನನಗೆ ಇದು ಗೊತ್ತಿರಲಿಲ್ಲ.

ಆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಕೂತಿದ್ದು ನನಗೆ ನೆನಪಿಲ್ಲ. ಕಾಫಿ ಕುಯ್ಲು ಶುರುವಾದರೆ ಹಾಲ್ ತುಂಬ ಚೀಲ, ಸೋಫಾದ ಮೇಲೆ ಮೆಣಸು ತುಂಬಿದ ಮೊರ, ಪೋರ್ಟಿಕೋದಲ್ಲಿ ಟಾರ್ಪಾಲಿನ ಮೇಲೆ ಹರವಿದ ಕಾಫಿ. ತಿರುವಿನಲ್ಲಿ ಯಾರದಾದರೂ ಜೀಪಿನ ಸದ್ದು ಕೇಳಿತೋ, ಮನೆಗೆ ಮನೆಯೇ ಏಳುತ್ತಿತ್ತು. ಚೀಲ ಎಳೆದು ಹಿಂದಿನ ಕೋಣೆಗೆ ಹಾಕುವುದು ಅಪ್ಪಯ್ಯ. ಮೊರ ಒಳಗಿಟ್ಟು ಸೋಫಾಕ್ಕೆ ಕಸೂತಿ ಬಟ್ಟೆ ಹೊದಿಸುವುದು ಅಮ್ಮ. ಟಾರ್ಪಾಲು ಸುತ್ತಿ ಪ್ಲಾಸ್ಟಿಕ್ ಹೂವಿನ ಕುಂಡ ತಂದಿಡುವುದು ನಾನು. ಜೀಪು ತಿರುವು ಹತ್ತಿ ಗೇಟಿಗೆ ಬರುವಷ್ಟರಲ್ಲಿ ನಾವು ಪ್ಲಾಂಟರ ಮನೆಯವರಾಗಿಬಿಡುತ್ತಿದ್ದೆವು. ಎಷ್ಟೋ ಸಲ ಜೀಪು ನಿಲ್ಲದೆ ಮುಂದೆ ಹೋಗುತ್ತಿತ್ತು, ಒಲೆಯ ಮೇಲೆ ಹಾಲು ಉಕ್ಕಿರುತ್ತಿತ್ತು. ಅಮ್ಮ ಸುಟ್ಟ ವಾಸನೆಯ ಕಡೆ ಓಡಿದರೆ ನಾವು ಎಲ್ಲವನ್ನೂ ಮತ್ತೆ ಹೊರಗೆ ಎಳೆಯುತ್ತಿದ್ದೆವು. ಅಜ್ಜಿ ಒಬ್ಬಳು ಏಳುತ್ತಿರಲಿಲ್ಲ, ಹಾಲ್‌ನ ಒಂದು ಮೂಲೆಯಲ್ಲಿ ಕೂತು ಮೆಣಸಿನ ಕಡ್ಡಿ ಬಿಡಿಸುತ್ತಲೇ ಇರುತ್ತಿದ್ದಳು.

ಕಾಫಿ ರೇಟು ಬಿದ್ದು ಎರಡು ವರ್ಷ ಏಳಲಿಲ್ಲ. ಕಂತು ನಿಂತಿತು. ಆಮೇಲೆ ರಿಜಿಸ್ಟರ್ ಪೋಸ್ಟ್ ಬರಲು ಶುರುವಾಯಿತು. ಅಪ್ಪಯ್ಯನಿಗೆ ಒಂದು ನಂಬಿಕೆಯಿತ್ತು, ಅವರೊಬ್ಬರದೇ ಅಲ್ಲ, ಆ ಸುತ್ತಿನಲ್ಲಿ ಎಲ್ಲರದೂ. ಸಹಿ ಹಾಕಿ ತಗೊಳ್ಳದಿದ್ದರೆ ಕಾಗದ ಬಂದ ಹಾಗೇ ಅಲ್ಲ. ಪೋಸ್ಟ್‌ಮ್ಯಾನ್ ಸೋಮಣ್ಣ ಸೈಕಲ್ ತಳ್ಳಿಕೊಂಡು ಏರು ಹತ್ತುವುದು ಕಂಡರೆ ಅಪ್ಪಯ್ಯ ಹಿಂದಿನ ಕೋಣೆಗೆ, ನಾನು ಗೇಟಿಗೆ.

"ಅಪ್ಪಯ್ಯ ಮನೇಲಿದಾರಾ ಸುಮತಿ?"

"ಇಲ್ಲ ಸೋಮಣ್ಣ. ಅಪ್ಪಯ್ಯ ಮನೇಲಿಲ್ಲ."

"ಅಮ್ಮ?"

"ಅವ್ರೂ ಇಲ್ಲ."

ಮೂರು ಸಲ ಹೀಗೆ ನಡೆಯಿತು. ಸೋಮಣ್ಣ ಮೆಟ್ಟಿಲ ಮೇಲಿನ ಚಪ್ಪಲಿ ನೋಡುತ್ತಿದ್ದ, ನನ್ನ ಮುಖ ನೋಡುತ್ತಿದ್ದ, ಮನೇಲಿಲ್ಲ ಎಂದು ಬರೆದುಕೊಂಡು ಹೋಗುತ್ತಿದ್ದ. ನಾನು ಗೇಟಿನ ಚಿಲಕ ತಿರುವುತ್ತ ನಿಂತಿರುತ್ತಿದ್ದೆ. ನನ್ನ ಪುಸ್ತಕಗಳಿಗೆ ಬೈಂಡು ಹಾಕಿ ಹೆಸರು ಬರೆದುಕೊಟ್ಟವನು, ಮಳೆಗಾಲದಲ್ಲಿ ನಮ್ಮ ಜಗಲಿಯಲ್ಲಿ ಕೂತು ಅಮ್ಮನ ಕೈಯ ಕಾಫಿ ಕುಡಿದವನು ಅವನು. ನಾಲ್ಕನೇ ಸಲ ನಾನು "ಮನೇಲಿಲ್ಲ" ಎನ್ನುವುದಕ್ಕೂ ಒಳಗಿಂದ ಅಪ್ಪಯ್ಯ ಕೆಮ್ಮುವುದಕ್ಕೂ ಸರಿಹೋಯಿತು. ಸೋಮಣ್ಣ ಬರೆಯಹೊರಟಿದ್ದ ಪೆನ್ನು ಎತ್ತಿದ.

"ನಂಗೆ ಸುಳ್ಳು ಬರೆಯಕ್ಕೆ ಬರಲ್ಲಮ್ಮ. ತಗೊಳ್ಳಕ್ಕೆ ಒಪ್ಪಲಿಲ್ಲ ಅಂತ ಬರೀತೀನಿ" ಎಂದ.

ಅವನು ಹೋದ ಮೇಲೆ ಅಪ್ಪಯ್ಯ ಹೊರಗೆ ಬಂದು, ದೊಡ್ಡ ಕೆಲಸ ಮುಗಿಸಿದವರ ಹಾಗೆ ಕುರ್ಚಿಯಲ್ಲಿ ಕೂತರು. ಅಜ್ಜಿ ಮೆಣಸಿನಿಂದ ತಲೆಯೆತ್ತದೆ ಹೇಳಿದಳು.

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂಗಾಯ್ತು."

ಕಾಗದ ಅಂಟಿಸಿದ ದಿನ ನಾನು ಬಸ್ಸಿಳಿದಾಗ ಗೇಟಿನ ಮುಂದೆ ಬ್ಯಾಂಕಿನ ಬಿಳಿ ಜೀಪಿತ್ತು. ಒಬ್ಬ ಬೋರ್ಡಿನ ಫೋಟೋ ತೆಗೆಯುತ್ತಿದ್ದ, ಇನ್ನೊಬ್ಬ ನಮ್ಮ ಮುಂಬಾಗಿಲಿಗೆ ಬ್ರಷ್ಷಿನಲ್ಲಿ ಅಂಟು ಹಚ್ಚುತ್ತಿದ್ದ. ಅಪ್ಪಯ್ಯ ಕಂಬ ಹಿಡಿದು ನಿಂತಿದ್ದರು. ಜೀಪು ಹೋದದ್ದೇ ತಡ, ಅಮ್ಮ ಬಿಸಿನೀರಿನ ತಂಬಿಗೆ ತಂದು ಕಾಗದ ನೆನೆಸಲು ಹೊರಟಳು. ಅಜ್ಜಿ ಎದ್ದು ಬಂದು ಅವಳ ಕೈ ಹಿಡಿದಳು. ಅಜ್ಜಿ ಎದ್ದದ್ದು ನಾನು ನೋಡಿದ್ದು ಅವತ್ತೇ.

"ಓದದೆ ತೊಳೀಬೇಡ. ಸುಮತೀ, ಏನು ಬರ್ದವ್ರೆ ಓದು."

ಓದಿದೆ. ಸಾಲ, ಅರವತ್ತು ದಿನ, ನೋಟೀಸು ನಿರಾಕರಿಸಿದ್ದು, ಕೆಳಗೆ ಚೆಕ್ಕುಬಂದಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಳ್ಳ. ನಾನು ಈಜು ಕಲಿತ ಹಳ್ಳವೂ ಆ ಕಾಗದದೊಳಗೆ ಬಂದುಬಿಟ್ಟಿತ್ತು. 'ಸುಮತಿ ಎಸ್ಟೇಟ್ ಎಂದು ಕರೆಯಲ್ಪಡುವ ಆಸ್ತಿ ಬ್ಯಾಂಕಿನ ಸ್ವಾಧೀನದಲ್ಲಿದೆ' ಎಂಬಲ್ಲಿ ಬೆರಳಿಟ್ಟು ಇನ್ನೊಮ್ಮೆ ಓದಿದೆ. ಮನೆಯಲ್ಲಿ ನಾವಿನ್ನೂ ಇದ್ದೆವು, ಕಾಗದದಲ್ಲಿ ಇರಲಿಲ್ಲ. ಅದೇ ಮಾತು ಎರಡು ದಿನ ಬಿಟ್ಟು ಪೇಪರಿನಲ್ಲೂ ಬಂತು. ಶಾಲೆಯಲ್ಲಿ ಒಬ್ಬಳು ಅದನ್ನು ಮಡಚಿ ತಂದು ನನ್ನ ಡೆಸ್ಕಿನ ಮೇಲಿಟ್ಟಳು. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. ಅಪ್ಪಯ್ಯನ ಮೇಲೆ ಮೊದಲ ಸಲ ಸಿಟ್ಟು ಬಂತು.

ಮುಂದಿನ ಭಾನುವಾರ ಮೂಡಿಗೆರೆಯಿಂದ ಶಂಕರಪ್ಪ ವಕೀಲರು ಸ್ಕೂಟರಿನಲ್ಲಿ ಬಂದರು. ಅಮ್ಮನೇ ಹೇಳಿಕಳಿಸಿದ್ದು. ಅವರು ಪೋರ್ಟಿಕೋದ ಕುರ್ಚಿ ಬೇಡವೆಂದು ನೇರ ಅಡುಗೆಮನೆಗೆ ಬಂದು, ಒಲೆಯ ಪಕ್ಕದ ಮಣೆಯ ಮೇಲೆ ಕೂತು, ಅಕ್ಕಿ ರೊಟ್ಟಿ ತಿನ್ನುತ್ತ ಕಾಗದ ಕೇಳಿದರು. ಅಪ್ಪಯ್ಯ ಟ್ರಂಕು ತಂದಿಟ್ಟು ನಿಂತೇ ಇದ್ದರು.

"ಸಹಿ ಹಾಕದಿದ್ರೆ ಕಾಗದ ಬಂದಂಗಲ್ಲ ಅಂತ ನಿಮಗೆ ಹೇಳಿದವರ್ಯಾರು ಗೌಡ್ರೇ?"

"ಎಲ್ರೂ ಹಂಗೇ ಅಂತಾರಲ್ಲ."

"ಎಲ್ರೂ ಬಂದು ನಿಮ್ಮ ಮನೆ ಉಳಿಸ್ತಾರಾ? ಬೇಡ ಅಂದ ಕಾಗದ ಮುಟ್ಟಿದ ಕಾಗದವೇ. ಅರವತ್ತು ದಿನ ಕೊಟ್ಟಿದ್ರು. ಅಷ್ಟರೊಳಗೆ ಆಕ್ಷೇಪಣೆ ಬರೆದು ಕಳಿಸಿದ್ರೆ ಬ್ಯಾಂಕಿನವರು ಕಾರಣ ಕೊಟ್ಟು ಉತ್ತರ ಬರೀಲೇಬೇಕಿತ್ತು. ಅವರ ತಪ್ಪು ಅವರ ಬಾಯಲ್ಲೇ ಬರ್ತಿತ್ತು. ಆ ಬಾಗಿಲನ್ನ ನೀವೇ ಮುಚ್ಕೊಂಡ್ರಿ. ಈಗ ಈ ಕಾಗದ ಅಂಟಿಸಿದ ದಿನದಿಂದ ನಲವತ್ತೈದು ದಿನ. ಅಷ್ಟರಲ್ಲಿ ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿಗೆ ಅರ್ಜಿ ಹೋಗ್ಬೇಕು. ತಪ್ಪಿದ್ರೆ ನನ್ನ ಹತ್ರಾನೂ ಔಷಧಿ ಇಲ್ಲ."

ಅಮ್ಮ ಕಾವಲಿಯ ಮೇಲಿನ ರೊಟ್ಟಿ ಮರೆತು ಕೇಳಿದಳು.

"ಮನೆ ನನ್ನ ಹೆಸರಿಗೆ ಮಾಡಿಬಿಟ್ರೆ ಆಗಲ್ವಾ? ಊರಲ್ಲಿ ಹಂಗಂತಾರೆ."

"ಅಡವಿಟ್ಟ ಮನೆನ ಈಗ ನಿಮ್ಮ ಹೆಸರಿಗೆ ಬರ್ದ್ರೆ ಅಡಮಾನ ಹೋಗಲ್ಲಮ್ಮ. ಮೋಸ ಅನ್ನೋ ಮಾತೊಂದು ಹೊಸದಾಗಿ ಸೇರ್ಕೊಳ್ಳುತ್ತೆ. ಇನ್ಮೇಲೆ ಯಾವ ಮಾತೂ ಬಾಯಲ್ಲಿ ಬೇಡ. ಬ್ಯಾಂಕಿಗೆ ಸಾಲದ ಪೂರ್ತಿ ಲೆಕ್ಕ ಕೊಡಿ ಅಂತ ಬರೆದು ಕೇಳಿ, ಬಡ್ಡಿ ಹೆಂಗೆ ಹಾಕಿದಾರೆ ನೋಡಣ. ಬಂದವರನ್ನ ಬೈಬೇಡಿ, ಗೇಟು ಹಾಕ್ಬೇಡಿ. ಬಂದ ಕಾಗದ ಎಲ್ಲಾ ತಗೊಳ್ಳಿ."

ಹೀಗೆ ಬೈಯುತ್ತ, ಕಾಗದ ತಿರುವುತ್ತ ಹೋದವರು ಪಹಣಿಯ ಹತ್ತಿರ ನಿಂತರು. ಎರಡು ಸಲ ಓದಿದರು.

"ಗೌಡ್ರೇ, ಮನೆ ಕಟ್ಟೋಕೆ ಮುಂಚೆ ಜಾಗಕ್ಕೆ ಭೂಪರಿವರ್ತನೆ ಮಾಡ್ಸಿದ್ರಾ?"

"ಮಾಡಿಸ್ಬೇಕು ಅಂತಿತ್ತು. ಆಗ್ಲಿಲ್ಲ. ಬ್ಯಾಂಕಿನವರೂ ಕೇಳ್ಲಿಲ್ಲ."

ವಕೀಲರ ಮುಖದಲ್ಲಿ ಅವತ್ತು ಮೊದಲ ಸಲ ನಗು ಕಂಡಿತು. ನಿಮ್ಮ ಸೋಮಾರಿತನವೂ ಒಂದು ಸಲ ಕೆಲಸಕ್ಕೆ ಬಂತಲ್ಲ ಎಂದರು. ಆಮೇಲೆ ನಮಗೆಲ್ಲ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ಈ ನೋಟೀಸಿನ ಹಿಂದಿರುವ ಕಾನೂನಿನಲ್ಲಿ ಬ್ಯಾಂಕು ಮೊದಲು ಕೋರ್ಟಿಗೆ ಹೋಗಿ ದಾವೆ ಗೆಲ್ಲದೆಯೇ ಅಡವಿಟ್ಟ ಆಸ್ತಿಗೆ ಕೈಹಾಕಬಹುದು, ಆದರೆ ಕೃಷಿ ಜಮೀನಿನ ಮೇಲೆ ಆ ಅಧಿಕಾರವಿಲ್ಲ. ಪಹಣಿಯ ಪ್ರಕಾರ ನಮ್ಮ ಮನೆ ನಿಂತ ನೆಲ ಇನ್ನೂ ಕಾಫಿ ಬೆಳೆಯುವ ಕೃಷಿ ಜಮೀನು. ಹಾಗಿದ್ದರೆ ಬ್ಯಾಂಕು ಎಲ್ಲರಂತೆ ಸಿವಿಲ್ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ದಾವೆ ನಡೆಸಬೇಕು. ಅಷ್ಟರಲ್ಲಿ ನಾವು ಚೌಕಾಸಿಗೆ ಕೂರಬಹುದು. ಸಾಲ ಹೋಗುವುದಿಲ್ಲ, ಮನೆ ಹೋಗುವುದು ನಿಲ್ಲುತ್ತದೆ. ಇಷ್ಟು ಹೇಳಿ, ಸಾಲದ ಅರ್ಜಿಯ ನಕಲನ್ನು ಬೆಳಕಿಗೆ ಹಿಡಿದರು.

"ಆದ್ರೆ ಇಲ್ಲಿ ನೀವೇ ಬರ್ದಿರೋದೇನು? ಉದ್ಯೋಗ, ಪ್ಲಾಂಟರ್. ಆಸ್ತಿ, ಎಸ್ಟೇಟ್ ಬಂಗಲೆ. ಗೇಟಿನ ಫೋಟೋ ಬೇರೆ ಲಗತ್ತಿಸಿದೀರಿ. ಇದು ಜಮೀನಲ್ಲ ಬಂಗಲೆ ಅಂತ ಅವರು ಹೇಳೇ ಹೇಳ್ತಾರೆ. ಪಹಣಿ ಒಂದೇ ಸಾಲದು. ಇಲ್ಲಿ ಬೇಸಾಯ ನಡೀತಿದೆ ಅಂತ ಕಾಣ್ಬೇಕು. ನಾನು ಸಣ್ಣ ರೈತ ಅಂತ ನೀವೇ ಪ್ರಮಾಣ ಮಾಡಿ ಹೇಳ್ಬೇಕು."

ಅಪ್ಪಯ್ಯ ಹೊರಗೆ ಹೋದರು. ವಕೀಲರು ಹೋದ ಮೇಲೆ ಮನೆಯಲ್ಲಿ ದೊಡ್ಡ ಜಗಳವಾಯಿತು. ಇಷ್ಟು ವರ್ಷ ತಲೆಯೆತ್ತಿ ಓಡಾಡಿದವನು ಈಗ ಎಲ್ಲರೆದುರು ನಾನು ಎಸ್ಟೇಟಿನವನಲ್ಲ ಅಂತ ಕೈಮುಗಿದು ನಿಲ್ಲಬೇಕಾ ಎಂದು ಅಪ್ಪಯ್ಯ. ನಿಮ್ಮ ತಲೆ ಇಡಕ್ಕೆ ಒಂದು ಸೂರು ಬೇಡ್ವಾ ಮಾರಾಯ್ರೇ ಎಂದು ಅಮ್ಮ. ಅಮ್ಮ ಅಳುತ್ತಿರಲಿಲ್ಲ, ಪಾತ್ರೆ ಕುಕ್ಕುತ್ತಿದ್ದಳು. ನಾನು ಪೋರ್ಟಿಕೋದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪೋರ್ಟಿಕೋಗೆ ತಿರುಗುತ್ತಿದ್ದೆ. ಮೂರನೇ ಸಲ ಬಂದಾಗ ಅಪ್ಪಯ್ಯ ಕುರ್ಚಿಯ ಹಿಂದೆ ನಿಂತು ಅದರ ಬೆತ್ತ ಸವರುತ್ತಿದ್ದರು. ಅಜ್ಜ ನಿಂತ ಕತೆಯನ್ನು ಅವರು ನನಗೆ ಹೇಳಿದ್ದು ಅವತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅರ್ಜಿಗೇನೋ ಸಹಿ ಹಾಕಿದರು. ಸಾಲದ ಒಂದು ಭಾಗ ಮೊದಲು ಕಟ್ಟಬೇಕೆಂಬ ಷರತ್ತಿನ ಮೇಲೆ ನ್ಯಾಯಮಂಡಳಿ ತಾತ್ಕಾಲಿಕ ತಡೆ ಕೊಟ್ಟಿತು, ಅಪ್ಪಯ್ಯ ಜೀಪು ಮಾರಿ ಕಟ್ಟಿದರು. ಬ್ಯಾಂಕಿನ ವಕೀಲರು ಗೇಟಿನ ಫೋಟೋವನ್ನೇ ಹಿಡಿದುಕೊಂಡರು. ಕೊನೆಗೆ, ಸ್ಥಳ ನೋಡಿ ವರದಿ ಕೊಡಲು ಒಬ್ಬ ಕಮಿಷನರನ್ನು ಕಳಿಸುವುದೆಂದು ಆಯಿತು. ನಮ್ಮ ಮನೆ ಉಳಿಯುವುದು ಬಿಡುವುದು ಆ ಒಬ್ಬರ ಕಣ್ಣಿಗೆ ಏನು ಕಾಣುತ್ತದೆ ಎಂಬುದರ ಮೇಲೆ ನಿಂತಿತು. ಬರುವ ದಿನ ಗೊತ್ತಾದ ಮೇಲೆ ನನಗೆ ಅನ್ನ ಇಳಿಯಲಿಲ್ಲ.

ಕುಯ್ಲಿನ ಕೊನೆಯ ದಿನಗಳು. ಕಮಿಷನರ್ ಹನ್ನೊಂದಕ್ಕೆ ಬರುವವರು, ಶಂಕರಪ್ಪ ವಕೀಲರು ಹತ್ತಕ್ಕೇ ಬಂದರು. ಬಾಗಿಲಲ್ಲಿ ನಿಂತವರು ನಿಂತೇಬಿಟ್ಟರು. ಹಾಲ್ ಕನ್ನಡಿಯಂತಿತ್ತು. ಸೋಫಾಕ್ಕೆ ಕಸೂತಿ ಬಟ್ಟೆ, ಪೋರ್ಟಿಕೋದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಟೀಪಾಯಿ ಮೇಲೆ ಪಿಂಗಾಣಿ ಕಪ್ಪುಗಳು. ಒಂದು ಕಾಫಿ ಬೀಜ ಹುಡುಕಿದರೂ ಇಲ್ಲ. ಬೆಳಿಗ್ಗೆ ಎದ್ದು ನಾವು ಮೂವರೂ, ಒಬ್ಬರಿಗೊಬ್ಬರು ಒಂದು ಮಾತಾಡದೆ, ಅತಿಥಿ ಬರುತ್ತಾರೆಂದು ಅಭ್ಯಾಸಬಲದಿಂದ ಮನೆ ಸಿಂಗರಿಸಿಬಿಟ್ಟಿದ್ದೆವು.

"ಏನಮ್ಮಾ ಇದು? ಬ್ಯಾಂಕಿನವರೇ ಬಂದು ಗುಡಿಸಿದ್ರೂ ಇಷ್ಟು ಚೆನ್ನಾಗಿ ಆಗ್ತಿರ್ಲಿಲ್ಲ."

ಅಮ್ಮ ಬಾಯಿಗೆ ಸೆರಗು ಹಿಡಿದಳು.

"ದಿನಾ ಹೆಂಗಿರ್ತೀರೋ ಹಂಗಿರಿ. ಇಲ್ಲದ್ದು ಒಂದು ಕಾಳೂ ತರ್ಬೇಡಿ. ಇದ್ದಿದ್ದನ್ನ ಮುಚ್ಚಿಡ್ಬೇಡಿ."

ಆ ಒಂದು ಗಂಟೆ ನಾವು ಓಡಿದ್ದು ಈಗಲೂ ಕನಸಿನಲ್ಲಿ ಬರುತ್ತದೆ. ಅಡಗಿಸುವುದರಲ್ಲಿ ಪಳಗಿದ ಕೈಗಳಿಗೆ ತೆರೆದಿಡುವುದು ಬರುತ್ತಿರಲಿಲ್ಲ. ಚೀಲ ಎಳೆಯುವಾಗ ಒಂದು ಒಡೆದು ಹಾಲ್ ತುಂಬ ಕಾಫಿ ಚೆಲ್ಲಿತು, ವಕೀಲರು "ಬಿಡಿ, ಗುಡಿಸ್ಬೇಡಿ" ಎಂದರು. ನಾನು ಟಾರ್ಪಾಲು ಹರವಿ ಕಾಫಿ ಸುರಿದು ಕಾಲಿನಿಂದ ಹರಡಿದೆ. ಹೂವಿನ ಕುಂಡ ಬಚ್ಚಲಿಗೆ ಹೋಯಿತು. ಅಜ್ಜಿಯ ಮೂಲೆಗೆ ಮಾತ್ರ ಯಾರೂ ಕೈ ಹಾಕಬೇಕಿರಲಿಲ್ಲ. ಮೊರ, ಮೆಣಸು, ಅಜ್ಜಿ, ಬೆಳಗಿನಿಂದ ಹೇಗಿದ್ದವೋ ಹಾಗೇ ಇದ್ದವು. ಅಪ್ಪಯ್ಯ ಏಣಿ ತೆಗೆದುಕೊಂಡು ಗೇಟಿನ ಕಡೆ ಹೊರಟರು. ವಕೀಲರು ತಡೆದರು.

"ಬೋರ್ಡು ಇರ್ಲಿ. ಫೋಟೋ ಅವರ ಹತ್ರ ಇದೆ. ಈಗ ತೆಗೆದ್ರೆ ಕದ್ದಂಗಾಗುತ್ತೆ. ಕೇಳಿದ್ರೆ ನಿಜ ಹೇಳಿ."

ಕಮಿಷನರ್ ಅಂದರೆ ದೊಡ್ಡ ಮೀಸೆಯ ಅಧಿಕಾರಿ ಎಂದುಕೊಂಡಿದ್ದೆ. ಬಂದವರು ತೆಳ್ಳಗಿನ ಹೆಂಗಸು, ಅವರೂ ವಕೀಲರೇ, ಬೆಂಗಳೂರಿನವರು. ಜೊತೆಗೆ ಬ್ಯಾಂಕಿನ ಒಬ್ಬರು ಕ್ಯಾಮೆರಾ ಹಿಡಿದು ಬಂದಿದ್ದರು. ಆಕೆ ಚಪ್ಪಲಿ ಬಿಟ್ಟು, ಹರವಿದ ಕಾಫಿ ತುಳಿಯದ ಹಾಗೆ ಅಂಚಿನಲ್ಲೇ ನಡೆದು ಒಳಗೆ ಬಂದರು. ಅಜ್ಜಿಯ ಮುಂದೆ ಕೂತು ಒಂದು ಹಿಡಿ ಮೆಣಸು ಕೈಗೆ ತೆಗೆದುಕೊಂಡು, ಈ ಕೆಲಸ ದಿನಾ ಇಲ್ಲೇ ಮಾಡ್ತೀರಾ ಎಂದು ಕೇಳಿದರು. ಮತ್ತೆಲ್ಲಿ ಮಾಡ್ಲಿ ಎಂದಳು ಅಜ್ಜಿ. ಹಿತ್ತಲಲ್ಲಿದ್ದ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನೋಡಿದರು, ತೋಟ ನೋಡಿದರು, ಹಳ್ಳದವರೆಗೂ ನಡೆದರು. ಕೊನೆಗೆ ಗೇಟಿನ ಹತ್ತಿರ ನಿಂತು ತಲೆಯೆತ್ತಿದರು. ಬ್ಯಾಂಕಿನವರು ಇದಕ್ಕೇ ಕಾದಿದ್ದವರಂತೆ ಕ್ಯಾಮೆರಾ ಎತ್ತಿದರು.

"ಇದು ಎಸ್ಟೇಟಾ? ನೀವು ಪ್ಲಾಂಟರಾ?"

ಅಪ್ಪಯ್ಯ ಗೇಟಿನ ಸರಳು ಹಿಡಿದುಕೊಂಡರು. ರಸ್ತೆಯಲ್ಲಿ ಕಾಫಿ ಕುಯ್ಯುವ ಹೆಂಗಸರು ನಿಂತು ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ, ಹೇಳಿ ಅಪ್ಪಯ್ಯ, ಹೇಳಿಬಿಡಿ ಎನ್ನುತ್ತಿದ್ದೆ. ಅವರು ನನ್ನ ಕಡೆ ನೋಡಿದರು.

"ಎಸ್ಟೇಟಲ್ಲ ಮೇಡಮ್. ಮೂರು ಎಕರೆ. ಮಗಳ ಹೆಸರು ನಾಕು ಜನ ಓದ್ಲಿ ಅಂತ ಆಸೆ ಬಿದ್ದು ದೊಡ್ಡದಾಗಿ ಬರೆಸ್ದೆ. ನಮ್ಮಪ್ಪ ರೈಟರ್ ಆಗಿದ್ರು. ನಾನು ರೈತ."

ಆಕೆ ಬರೆದುಕೊಂಡರು. ಬ್ಯಾಂಕಿನವರು ಕ್ಯಾಮೆರಾ ಇಳಿಸಿದರು. ಅಪ್ಪಯ್ಯನ ಕುತ್ತಿಗೆ ಕೆಂಪಾಗಿತ್ತು. ನನಗೆ ಅವರ ಮೇಲೆ ಬಂದಷ್ಟು ಪ್ರೀತಿ ಅದಕ್ಕೆ ಮೊದಲು ಬಂದಿರಲಿಲ್ಲ. ಅವತ್ತು ಮಧ್ಯಾಹ್ನ ಅವರು ಅಡುಗೆಮನೆಯ ಮಣೆಯ ಮೇಲೆ ಕೂತು ಎರಡು ಸಲ ಅನ್ನ ಹಾಕಿಸಿಕೊಂಡರು.

ಆಮೇಲೆ ಮತ್ತೆ ಕಾಯುವುದು. ವಾರಗಳು ಕಳೆದವು. ಕುಯ್ಲು ಮುಗಿದು, ತೋಟದಲ್ಲಿ ಹೂವಿನ ಮಳೆ ಬಿದ್ದು, ಕಾಫಿ ಹೂವು ಅರಳಿ ಉದುರಿತು. ಒಂದು ಶನಿವಾರ ಶಾಲೆ ಬಿಟ್ಟು ಬಂದು ಗೇಟು ತೆಗೆಯುತ್ತಿದ್ದೆ, ಸೋಮಣ್ಣ ಸೈಕಲ್ ತಳ್ಳಿಕೊಂಡು ಏರು ಹತ್ತಿ ಬಂದ. ಚೀಲದಿಂದ ಉದ್ದನೆಯ ಲಕೋಟೆ ತೆಗೆದ. ರಿಜಿಸ್ಟರ್ ಪೋಸ್ಟ್, ಅಪ್ಪಯ್ಯ ಕೆಮ್ಮಿದ ದಿನದ ಮೇಲೆ ಅವನು ತಂದ ಮೊದಲನೆಯದು. ಒಳ್ಳೆಯದೋ ಕೆಟ್ಟದ್ದೋ ಹೊರಗಿಂದ ಗೊತ್ತಾಗುವ ಹಾಗಿರಲಿಲ್ಲ. ನನ್ನನ್ನು ಏನೂ ಕೇಳದೆ ಅವನು ಪೆನ್ನಿನ ಮುಚ್ಚಳ ತೆಗೆದು ಲಕೋಟೆಯ ಹಿಂದೆ ಬರೆಯಲು ಹೊರಟ. ಇಷ್ಟು ದಿನ ನಾನು ಹೇಳಿದ್ದು ಅವನಿಗೆ ಬಾಯಿಪಾಠವಾಗಿತ್ತು.

"ಮನೇಲಿಲ್ಲ ತಾನೆ?"

ಇಲ್ಲ ಎಂದುಬಿಟ್ಟರೆ ಇನ್ನೊಂದು ದಿನ ಸಿಗುತ್ತದೆ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ.

"ಇದಾರೆ ಸೋಮಣ್ಣ" ಎಂದೆ. "ಕರೀತೀನಿ ಇರಿ."

ಕರೆಯಬೇಕಾಗಲಿಲ್ಲ. ಅಪ್ಪಯ್ಯ ಮಣ್ಣುಗೈಯಲ್ಲೇ ತೋಟದಿಂದ ಬಂದು, ಪಂಚೆಗೆ ಕೈ ಒರೆಸಿಕೊಂಡು, ಅವನು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಲಕೋಟೆಯನ್ನು ಒಡೆಯದೆ ನನ್ನ ಕೈಗೆ ಕೊಟ್ಟು, ಓದು ಎಂದರು. ಗೇಟಿನ ಹತ್ತಿರ ನಿಂತೇ, ಚಪ್ಪಲಿ ಬಿಡದೆ, ಮೊದಲ ಸಾಲಿನಿಂದ ಓದಿದೆ. ನ್ಯಾಯಮಂಡಳಿಯ ಆದೇಶ. ಮೂರನೇ ಪುಟದಲ್ಲಿ ಅರ್ಜಿದಾರರು ಕೃಷಿಕರು ಎಂದಿತ್ತು, ಬ್ಯಾಂಕಿನ ಸ್ವಾಧೀನದ ನೋಟೀಸನ್ನು ರದ್ದು ಮಾಡಲಾಗಿದೆ ಎಂದಿತ್ತು. ಅಪ್ಪಯ್ಯ ಇನ್ನೊಂದು ಸಲ ಓದಿಸಿದರು. ಆಮೇಲೆ ಏಣಿ ತಂದು ಬೋರ್ಡು ಇಳಿಸಿದರು. ನಾನು ಏಣಿ ಹಿಡಿದುಕೊಂಡೆ, ಸೋಮಣ್ಣ ಕೆಳಗಿನಿಂದ ತಗಡು ಹಿಡಿದುಕೊಂಡ. ಕಾಫಿ ಕುಡಿದೇ ಹೋಗು ಮಾರಾಯಾ ಎಂದು ಅಪ್ಪಯ್ಯ ಅವನನ್ನು ಪೋರ್ಟಿಕೋಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು.